ಇಲ್ಲದ ಚಿತ್ರವನ್ನು ತೋರಿಸಿದ ವಾಕ್ಯ

ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಕಾವೇರಿ ನದಿಯನ್ನು ಕುರಿತು ಪ್ರಾಜೆಕ್ಟ್ ಬರೆದು ತರಲು ಹೇಳಿದ್ದೆ. ಬಂದ ಪುಸ್ತಕಗಳಲ್ಲಿ ಒಂದು ನೋಡಲು ಬಹಳ ಚೆನ್ನಾಗಿತ್ತು. ಪ್ರತಿ ಪುಟಕ್ಕೂ ಸ್ಕೆಚ್ ಪೆನ್ನಿನ ಅಂಚು, ಮುತ್ತಿನಂಥ ಅಕ್ಷರ, ಶೀರ್ಷಿಕೆಗಳ ಕೆಳಗೆ ಎರಡೆರಡು ಗೆರೆ. ನಾಲ್ಕನೆಯ ಪುಟದಲ್ಲಿ ‘ಮೇಲಿನ ಚಿತ್ರದಲ್ಲಿ ಕಾಣುವಂತೆ’ ಎಂದು ಒಂದು ವಾಕ್ಯ ಆರಂಭವಾಗಿತ್ತು. ಮೇಲೆ ಚಿತ್ರವೇ ಇರಲಿಲ್ಲ. ಆ ಪುಸ್ತಕದ ಒಡತಿಯನ್ನು ಕರೆದು, “ಯಾವ ಚಿತ್ರಮ್ಮ ಇದು?” ಎಂದು ಕೇಳಿದೆ. “ಅಲ್ಲಿ ಹಾಗೇ ಇತ್ತು ಮಿಸ್” ಎಂದಳು. ಅವಳ ಮುಖದಲ್ಲಿ ಅಳುಕಿರಲಿಲ್ಲ. ಎರಡು ರಾತ್ರಿ ಕುಳಿತು, ಒಂದು ಅಕ್ಷರವೂ ತಪ್ಪದಂತೆ ಬರೆದು ತಂದಿದ್ದಳು. ತಾನು ಮಾಡಿದ್ದು ಶ್ರದ್ಧೆಯ ಕೆಲಸವೆಂದೇ ಅವಳು ನಂಬಿದ್ದಳು.

ಬೇರೆಯವರ ಬರಹವನ್ನೋ ಆಲೋಚನೆಯನ್ನೋ ಅವರ ಹೆಸರು ಹೇಳದೆ ನಮ್ಮದೆಂಬಂತೆ ಮುಂದಿಡುವುದನ್ನು ಕೃತಿಚೌರ್ಯವೆನ್ನುತ್ತೇವೆ. ಆದರೆ ಆ ಹುಡುಗಿಯನ್ನು ಕಳ್ಳಿಯೆನ್ನಲು ನನಗೆ ಮನಸ್ಸು ಬರಲಿಲ್ಲ, ಏಕೆಂದರೆ ಅವಳಿಗೆ ಈ ರೂಢಿಯನ್ನು ಕಲಿಸಿದವರು ನಾವೇ. ಒಂದನೆಯ ತರಗತಿಯಿಂದಲೂ ನಾವು ಪ್ರಶ್ನೆಗೆ ಉತ್ತರವನ್ನು ಕರಿಹಲಗೆಯ ಮೇಲೆ ಬರೆಯುತ್ತೇವೆ, ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಪೂರ್ಣ ಅಂಕ ಕೊಡುತ್ತೇವೆ, ಸ್ವಂತ ಮಾತಿನಲ್ಲಿ ಬರೆದವರ ಉತ್ತರದ ಮುಂದೆ ಎಷ್ಟೋ ಸಲ ಕೆಂಪು ಶಾಯಿಯಲ್ಲಿ ಅರ್ಧ ಅಂಕ ಕಳೆಯುತ್ತೇವೆ. ನಾನೂ ಹೀಗೆ ಕಳೆದಿದ್ದೇನೆ. ಎಂಟು ವರ್ಷ ಹೀಗೆ ಬೆಳೆದ ಮಗುವಿಗೆ ಒಂಬತ್ತನೆಯ ವರ್ಷದಲ್ಲಿ ‘ನಿನ್ನದೇ ಮಾತಿನಲ್ಲಿ ಬರೆ’ ಎಂದರೆ, ಅದರ ಅರ್ಥವೇನು ಎಂದು ಯಾರಾದರೂ ಬಿಡಿಸಿ ಹೇಳಬೇಕಲ್ಲವೇ? ಮಕ್ಕಳನ್ನು ಬೈಯುವ ಮೊದಲು ನಾವು ಶಿಕ್ಷಕರು ಈ ಪ್ರಶ್ನೆಗೆ ಉತ್ತರ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆ ವಾರ ಪಾಠವನ್ನು ಬದಿಗಿಟ್ಟು ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದೆ: ‘ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಗಳ ಮೂಲಕ ಸಾಗಿಸಲಾಯಿತು.’ ಇದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದೆ. ತರಗತಿಯ ಜಾಣ ಹುಡುಗನೊಬ್ಬ ಎದ್ದು ಓದಿದ: ‘ಶಿವನಸಮುದ್ರದಲ್ಲಿ ಕಾವೇರಿಯ ಜಲದಿಂದ ತಯಾರಿಸಿದ ವಿದ್ಯುಚ್ಛಕ್ತಿಯನ್ನು 1902ರಲ್ಲಿ ಸರಿಸುಮಾರು 147 ಕಿಲೋಮೀಟರ್ ದೂರದಲ್ಲಿರುವ ಕೋಲಾರದ ಸ್ವರ್ಣದ ಗಣಿಗಳಿಗೆ ತಂತಿಗಳ ಮುಖಾಂತರ ರವಾನಿಸಲಾಯಿತು.’ ನೀರು ಜಲವಾಗಿತ್ತು, ಚಿನ್ನ ಸ್ವರ್ಣವಾಗಿತ್ತು. ವಾಕ್ಯದ ಎಲುಬಿನಲ್ಲಿ ಒಂದೂ ಅಲುಗಿರಲಿಲ್ಲ. ಹೆಚ್ಚಿನ ಮಕ್ಕಳು ‘ಸ್ವಂತ ಮಾತು’ ಎಂದುಕೊಂಡಿರುವುದು ಇದನ್ನೇ.

ಇದು ಇಂದಿನ ಮಕ್ಕಳು ಕಂಡುಹಿಡಿದ ಉಪಾಯವೂ ಅಲ್ಲ. ಏಳನೆಯ ಶತಮಾನದ ಸಂಸ್ಕೃತ ಕವಿ ಬಾಣಭಟ್ಟ ತನ್ನ ಹರ್ಷಚರಿತದ ಆರಂಭದಲ್ಲಿಯೇ, ಇತರರ ವರ್ಣಗಳನ್ನು ಬದಲಿಸಿ, ಬಂಧದ ಗುರುತುಗಳನ್ನು ಮುಚ್ಚಿಟ್ಟರೂ ಕವಿಚೋರನು ಯಾರೂ ಹೇಳದೆಯೇ ಸಜ್ಜನರ ನಡುವೆ ಗುರುತು ಸಿಕ್ಕಿಬೀಳುತ್ತಾನೆ ಎಂದಿದ್ದಾನೆ. ಇಲ್ಲಿ ವರ್ಣವೆಂದರೆ ಅಕ್ಷರವೂ ಹೌದು, ಮೈಬಣ್ಣವೂ ಹೌದು. ಬಂಧವೆಂದರೆ ಕಾವ್ಯದ ಕಟ್ಟಡವೂ ಹೌದು, ಸೆರೆಯಾಳಿನ ಬೇಡಿಯೂ ಹೌದು. ಹದಿಮೂರು ಶತಮಾನಗಳ ಹಿಂದಿನ ಆ ಶ್ಲೋಕವನ್ನು ವಿವರಿಸಿದಾಗ ತರಗತಿ ಸ್ವಲ್ಪ ಹೊತ್ತು ಮೌನವಾಗಿತ್ತು.

ಮತ್ತೆ ಹೇಗೆ ಬರೆಯಬೇಕು? ಓದಿ, ಪುಸ್ತಕ ಮುಚ್ಚಿ, ಪಕ್ಕದ ಬೆಂಚಿನ ಗೆಳತಿಗೆ ಹೇಳುವಂತೆ ಅದನ್ನು ಬಾಯಲ್ಲಿ ಹೇಳಿ ನೋಡಬೇಕು, ಹೇಳಿದ್ದನ್ನು ಬರೆಯಬೇಕು, ಆಮೇಲೆ ಪುಸ್ತಕ ತೆರೆದು ಇಸವಿ, ಅಂಕಿ, ಹೆಸರುಗಳು ಸರಿಯಾಗಿವೆಯೇ ಎಂದು ತಾಳೆ ನೋಡಬೇಕು. ಹೇಳಲು ಬಾಯಿ ತಡವರಿಸಿದ ಜಾಗವೇ ಅರ್ಥವಾಗದ ಜಾಗ; ಅಲ್ಲಿಗೆ ಮರಳಿ ಇನ್ನೊಮ್ಮೆ ಓದಬೇಕು. ಈ ಕ್ರಮದಲ್ಲಿ ಒಬ್ಬಳು ಹೀಗೆ ಬರೆದಳು: ‘ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಶಿವನಸಮುದ್ರದ ಕರೆಂಟು ಕೋಲಾರದ ಗಣಿ ತಲುಪಿತ್ತು. ಊರಿಗಿಂತ ಗಣಿಗೆ ಮೊದಲು ಏಕೆ ಕೊಟ್ಟರು?’ ಎರಡು ಪುಸ್ತಕಗಳಲ್ಲಿದ್ದ ಎರಡು ಸಂಗತಿಗಳನ್ನು ಅವಳು ಅಕ್ಕಪಕ್ಕ ಇಟ್ಟಳು, ಅವುಗಳ ನಡುವಿನಿಂದ ಅವಳದೇ ಪ್ರಶ್ನೆಯೊಂದು ಹುಟ್ಟಿತು. ಸಂಗತಿಗಳನ್ನು ಎಲ್ಲಿಂದ ತೆಗೆದುಕೊಂಡಳೆಂಬುದನ್ನು ಬರೆದರೆ ಆ ಪ್ರಶ್ನೆ ಅವಳದೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೂಲವನ್ನು ಕೊನೆಯ ದಿನ ಹುಡುಕಲು ಹೊರಟರೆ ಸಿಗುವುದಿಲ್ಲ. ಟಿಪ್ಪಣಿ ಮಾಡಿಕೊಳ್ಳುವಾಗಲೇ ಪುಟದ ಅಂಚಿನಲ್ಲಿ ಪುಸ್ತಕದ ಹೆಸರು, ಲೇಖಕರು, ಪುಟಸಂಖ್ಯೆ, ಜಾಲತಾಣವಾದರೆ ವಿಳಾಸ ಮತ್ತು ನೋಡಿದ ದಿನ, ಇಷ್ಟನ್ನು ಬರೆದಿಟ್ಟುಕೊಳ್ಳಬೇಕು. ಒಂದು ಮಾತನ್ನು ಇದ್ದ ಹಾಗೆಯೇ ತೆಗೆದುಕೊಂಡಿದ್ದರೆ ಆ ಕ್ಷಣವೇ ಉದ್ಧರಣ ಚಿಹ್ನೆ ಹಾಕಬೇಕು, ಇಲ್ಲದಿದ್ದರೆ ವಾರದ ನಂತರ ಅದು ನಮ್ಮದೋ ಅವರದೋ ನಮಗೇ ತಿಳಿಯುವುದಿಲ್ಲ. ಭಾರತಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು ಎಂಬಂಥ ಎಲ್ಲರಿಗೂ ತಿಳಿದ ಸಂಗತಿಗೆ ಮೂಲ ಹೇಳಬೇಕಾಗಿಲ್ಲ.

ಕನ್ನಡದ ಮಕ್ಕಳು ಹೆಚ್ಚಾಗಿ ಎಡವುವ ಜಾಗ ಇನ್ನೊಂದಿದೆ. ಇಂಗ್ಲಿಷಿನ ಪುಟವೊಂದನ್ನು ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು, ಭಾಷೆ ಬದಲಾಯಿತಾದ್ದರಿಂದ ಬರಹ ತಮ್ಮದಾಯಿತೆಂದು ಅವರು ತಿಳಿಯುತ್ತಾರೆ. ಅನುವಾದ ದೊಡ್ಡ ಕೆಲಸವೇ, ಆದರೆ ಅನುವಾದವೆಂದು ಹೇಳಿದಾಗ ಮಾತ್ರ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದೆಂಬುದು ನಿಜ. ಮೂಲವನ್ನು ಹೆಸರಿಸಬೇಕೆಂಬುದು ಆ ಪರವಾನಗಿಯ ಷರತ್ತು. ಹಾಗೆಯೇ, 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದ ಮೇಲೆ ಅವರ ಕೃತಿಯನ್ನು ಯಾರಾದರೂ ಅಚ್ಚು ಹಾಕಬಹುದು, ಆದರೆ ಅದರ ಮೇಲೆ ತಮ್ಮ ಹೆಸರು ಹಾಕಿಕೊಂಡರೆ ಅದು ಕೃತಿಚೌರ್ಯವೇ. ಚಾಟ್‌ಜಿಪಿಟಿಯಂಥವು ಬರೆದುಕೊಟ್ಟ ಪ್ರಬಂಧದ ಬಗ್ಗೆ ಮಕ್ಕಳು ಕೇಳಿದಾಗ ನಾನು ಹೇಳುವುದು ಇಷ್ಟೇ: ಅದನ್ನು ಬಳಸಿದ್ದರೆ ಬಳಸಿದ್ದೇನೆಂದು ಬರೆ, ಮತ್ತು ಅದು ಹೇಳಿದ ಪ್ರತಿಯೊಂದು ಇಸವಿಯನ್ನೂ ಪುಸ್ತಕದಲ್ಲಿ ನೋಡಿಕೋ.

ಮುಂದೆ ಕಾಲೇಜು, ಸಂಶೋಧನೆ ಎಂದು ಹೋಗುವವರಿಗೆ ನಿಯಮಗಳು ಕಠಿಣವಾಗಿಯೇ ಇವೆ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನಡೆಸುವ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಸಂಶೋಧನಾ ಪ್ರಬಂಧದ ಶೇಕಡಾ 60ಕ್ಕಿಂತ ಹೆಚ್ಚು ಭಾಗ ಬೇರೆ ಬರಹದೊಂದಿಗೆ ಹೊಂದಿಕೊಂಡರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಆದರೆ ಹದಿನಾಲ್ಕು ವರ್ಷದ ಮಗುವನ್ನು ಈ ಭಯದಿಂದ ತಿದ್ದಲು ನನಗೆ ಇಷ್ಟವಿಲ್ಲ.

ನಾನು ಅವರಿಗೆ ವಚನಗಳನ್ನು ನೆನಪಿಸುತ್ತೇನೆ. ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರು, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕಮಹಾದೇವಿ ಎಂದು ಈ ಮಕ್ಕಳು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಪುರಂದರದಾಸರ ಪದವನ್ನು ಹಾಡುವವರು ಕೊನೆಯಲ್ಲಿ ಪುರಂದರವಿಠಲನ ಅಂಕಿತವನ್ನು ಬಿಟ್ಟು ಹಾಡುವುದಿಲ್ಲ, ತಮ್ಮ ಅಂಕಿತವನ್ನು ಸೇರಿಸುವ ಯೋಚನೆಯಂತೂ ಯಾರಿಗೂ ಬಾರದು. ಯಾರ ಮಾತು ಎಂಬುದನ್ನು ಮಾತಿನ ಜೊತೆಗೇ ಒಯ್ಯುವ ಪದ್ಧತಿ ಈ ನೆಲದಲ್ಲಿ ಎಂಟುನೂರು ವರ್ಷಗಳಿಗಿಂತ ಹಳೆಯದು. ಪ್ರಾಜೆಕ್ಟಿನ ಕೆಳಗೆ ಮೂಲವನ್ನು ಬರೆಯಿರಿ ಎಂದರೆ ಮಕ್ಕಳು ಹೊರಗಿನಿಂದ ಬಂದ ನಿಯಮವೆಂದು ಮುಖ ಸಿಂಡರಿಸುತ್ತಾರೆ. ಅಂಕಿತವೆಂದರೆ ತಟ್ಟನೆ ಅರ್ಥವಾಗುತ್ತದೆ.

ಮೊದಲು ಹೇಳಿದ ಹುಡುಗಿ ಹತ್ತು ದಿನ ಕಳೆದ ಮೇಲೆ ಪುಸ್ತಕವನ್ನು ಮತ್ತೆ ತಂದಳು. ಹದಿನಾರು ಪುಟವಿದ್ದದ್ದು ಐದಾಗಿತ್ತು, ಅಕ್ಷರ ಅಷ್ಟು ದುಂಡಾಗಿರಲಿಲ್ಲ, ಎರಡು ಕಡೆ ಹೊಡೆದು ಹಾಕಿ ಬರೆದಿದ್ದಳು. ಅವರ ಗದ್ದೆಗೆ ನಾಲೆಯ ನೀರು ಬರುವ ಮೊದಲು ರಾಗಿ ಮಾತ್ರ ಬೆಳೆಯುತ್ತಿದ್ದರು ಎಂಬ ಒಂದು ವಾಕ್ಯವಿತ್ತು. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು: ‘ಇದನ್ನು ಹೇಳಿದವರು ನಮ್ಮಜ್ಜಿ, ಭಾನುವಾರ ಸಂಜೆ.’