ಶಿರಾಡಿಯಲ್ಲಿ ಮೂರನೇ ಗೇರು

ಹಾಸನದಿಂದ ಮಂಗಳೂರಿಗೆ ಬಸ್ಸು ಬೇಕಾದಷ್ಟಿವೆ. ಆದರೂ ನಾನು ಹತ್ತಿದ್ದು ಗಂಗಾವತಿಯಿಂದ ಅಕ್ಕಿ ತುಂಬಿಕೊಂಡು ಬಂದ ಹತ್ತು ಚಕ್ರದ ಲಾರಿ. ಮಾಲೀಕರು ಪರಿಚಯದವರು. ‘ಹೊಸ ಹುಡುಗ ಮೊದಲ ಸಲ ಲೋಡ್ ಗಾಡಿಯಲ್ಲಿ ಶಿರಾಡಿ ಇಳೀತಾನೆ, ನೋಡೋದಾದ್ರೆ ಬನ್ನಿ’ ಅಂದಿದ್ದರು.

ಹುಡುಗ ಹಿರಿಯೂರು ಕಡೆಯವನು. ಹೆವಿ ಲೈಸೆನ್ಸ್ ಬೇಕಂದ್ರೆ 20 ವರ್ಷ ತುಂಬಿರಬೇಕು, ಕಾರಿನ ಲೈಸೆನ್ಸ್ ಸಿಕ್ಕಿ ಒಂದು ವರ್ಷವಾದರೂ ಆಗಿರಬೇಕು. ಎಂಟನೇ ಕ್ಲಾಸ್ ಓದಿರಲೇಬೇಕು ಅನ್ನೋ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಇವನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತದ್ದು ಖಾಲಿ ಗಾಡಿಯಲ್ಲಿ, ಸಮತಟ್ಟು ರಸ್ತೆಯಲ್ಲಿ. ಈಗ ಕೈಗೆ ಸಿಕ್ಕಿರೋದು ಸರಕು ಸೇರಿ 28.5 ಟನ್‌ವರೆಗೆ ತೂಗಬಹುದಾದ ಗಾಡಿ.

ಪಕ್ಕದ ಸೀಟಿನಲ್ಲಿ ಹಿರಿಯ ಡ್ರೈವರ್ ಕೂತಿದ್ದರು. ಹುಡುಗ ಅವರನ್ನು ಗುರುಗಳೇ ಅಂತಲೇ ಕರೀತಿದ್ದ. ಅವರು ಶುರು ಮಾಡಿದ್ದು ಕ್ಲೀನರ್ ಆಗಿ. ತಾಡಪಾಲು ಬಿಗಿಯೋದು, ಗ್ರೀಸ್ ಹಾಕೋದು, ಗಾಜು ಒರೆಸೋದು, ರಾತ್ರಿ ಡ್ರೈವರ್ ತೂಕಡಿಸದಂತೆ ಮಾತಾಡ್ತಾ ಕೂರೋದು. ವರ್ಷಗಟ್ಟಲೆ ಹೀಗೆ ಕಳೆದ ಮೇಲೆ ಒಂದು ದಿನ ಖಾಲಿ ಗಾಡಿಯ ಸ್ಟೇರಿಂಗ್ ಕೈಗೆ ಬಂತಂತೆ. ಈಗ ಕ್ಲೀನರ್‌ಗೆ ಸಂಬಳ, ಭತ್ಯೆ ಯಾರು ಕೊಡ್ತಾರೆ? ಎಷ್ಟೋ ಲಾರಿಗಳಲ್ಲಿ ಡ್ರೈವರ್ ಒಬ್ಬನೇ. ಉಳಿಸಿದ ಆ ದುಡ್ಡಿನ ಜೊತೆ ಇಡೀ ಪಾಠಶಾಲೆಯನ್ನೇ ಮುಚ್ಚಿದ್ದೇವೆ ಅಂತ ನನಗನ್ನಿಸುತ್ತೆ. ಈ ಮಾಲೀಕರು ಒಂದೆರಡು ಟ್ರಿಪ್ಪಿಗಾದರೂ ಗುರುಗಳನ್ನು ಜೊತೆಗೆ ಕಳಿಸಿದ್ದರು.

ಸಕಲೇಶಪುರ ದಾಟಿ ಗಾಡಿ ನಿಲ್ಲಿಸಿದೆವು. ಗುರುಗಳು ಒಂದು ರಾಡ್ ಕೊಟ್ಟು ‘ಟೈರ್ ಬಡಿ’ ಅಂದರು. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದರ ಗಾಳಿ ಹೋದರೆ ಕಣ್ಣಿಗೆ ಕಾಣಲ್ಲ. ಹೊರಗಿನದೇ ಎಲ್ಲಾ ಭಾರ ಹೊತ್ತು, ಕಾದು, ಕೊನೆಗೆ ಸಿಡಿಯುತ್ತೆ. ಗಾಳಿ ತುಂಬಿದ ಟೈರು ಏಟಿಗೆ ಠಣ್ ಅನ್ನುತ್ತೆ, ರಾಡು ಪುಟಿಯುತ್ತೆ. ಇಳಿದದ್ದು ಬರೀ ಡಬ್ ಅನ್ನುತ್ತೆ. ನಾನೂ ಬಡಿದು ನೋಡಿದೆ. ನನಗೆ ಎಲ್ಲವೂ ಒಂದೇ ಥರ ಕೇಳಿಸಿತು!

ಮಾರನಹಳ್ಳಿಯಿಂದ ಅಡ್ಡಹೊಳೆವರೆಗೆ ಸುಮಾರು 26 ಕಿ.ಮೀ. ಘಾಟಿ. 2015ರಲ್ಲಿ ಅರ್ಧ, 2018ರಲ್ಲಿ ಇನ್ನರ್ಧ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದ ರಸ್ತೆ. ಘಾಟಿ ಶುರುವಾಗೋ ಮೊದಲೇ, 2024ರ ಮಳೆಯಲ್ಲಿ ಗುಡ್ಡ ಕುಸಿದಿದ್ದ ದೊಡ್ಡತಪ್ಪಲು ಸಿಗುತ್ತೆ. ಅಲ್ಲಿ ಯಾರೂ ಮಾತಾಡಲಿಲ್ಲ.

‘ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ’ ಅಂದರು ಗುರುಗಳು. ಮೂರನೇ ಗೇರು, ಹೊಗೆ ಹೋಗೋ ದಾರಿ ತಡೆದು ಇಂಜಿನ್ ವೇಗ ತಗ್ಗಿಸೋ ಎಕ್ಸಾಸ್ಟ್ ಬ್ರೇಕ್ ಆನ್. ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಬೇಕು, ಕಾಲಿನ ಬ್ರೇಕ್ ಬರೀ ಸಹಾಯಕ್ಕೆ. ಆದರೆ ಭಯಕ್ಕೆ ಹುಡುಗನ ಕಾಲು ಬ್ರೇಕ್ ಬಿಡ್ತಾನೇ ಇರಲಿಲ್ಲ. ಒತ್ತಿ ಬಿಡೋದು, ಒತ್ತಿ ಬಿಡೋದು. ಸ್ವಲ್ಪ ಹೊತ್ತಿಗೆ ಕ್ಯಾಬಿನ್ ಒಳಗೆ ಸುಟ್ಟ ವಾಸನೆ.

‘ಮೂಗಿಗೆ ಏನಾದ್ರೂ ಬರ್ತಿದ್ಯಾ?’ ಗುರುಗಳು ದನಿ ಏರಿಸದೆ ಕೇಳಿದರು. ಬ್ರೇಕ್ ಡ್ರಮ್ ಕಾದರೆ ಎಷ್ಟು ಒತ್ತಿದರೂ ಹಿಡಿಯಲ್ಲ. ಮೇಲಿಂದ ಮೇಲೆ ಒತ್ತಿದರೆ ಬ್ರೇಕ್ ಹಿಡಿಸೋ ಟ್ಯಾಂಕಿನ ಗಾಳಿಯೂ ಖಾಲಿಯಾಗ್ತಾ ಬರುತ್ತೆ. ಸಿಕ್ಕಿದ ಅಗಲ ಜಾಗದಲ್ಲಿ ಗಾಡಿ ಸೈಡಿಗೆ ಹಾಕಿಸಿದರು. ಹುಡುಗ ಡ್ರಮ್ ಮೇಲೆ ನೀರು ಸುರಿಯೋಕೆ ಕ್ಯಾನ್ ಎತ್ತಿದ. ‘ಬೇಡ, ಬಿರುಕು ಬಿಡುತ್ತೆ’ ಅಂತ ತಡೆದರು. ಸುಮ್ನೆ ಕೂತೆವು. ಕೆಳಗೆ ಕೆಂಪುಹೊಳೆ ಹರಿಯುತ್ತಿತ್ತು. ಗ್ಯಾಸ್ ಟ್ಯಾಂಕರುಗಳು, ರಾತ್ರಿ ಬಸ್ಸುಗಳು ಹಾರನ್ ಹೊಡೆಯುತ್ತಾ ಹೋದವು.

ಮತ್ತೆ ಹೊರಟಾಗ ಕಾಲು ಕಡಿಮೆ ಆಡಿತು. ಹಿಂದಿನ ಕಾರಿನವನ ಹಾರನ್ನಿಗೆ ಹುಡುಗ ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಅದೇ ದೊಡ್ಡ ಪ್ರಗತಿ ಅನ್ನಿಸಿತು.

ಗುಂಡ್ಯದಲ್ಲಿ ಚಹಾ ಕುಡಿದೆವು. 1961ರ ಕಾಯ್ದೆಯಲ್ಲಿ ಮೋಟಾರು ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ದುಡಿದರೆ ಅರ್ಧ ಗಂಟೆ ವಿರಾಮ ಅಂತಿತ್ತು ಅಂದೆ. ಗುರುಗಳು ಜೋರಾಗಿ ನಕ್ಕು ಇನ್ನೊಂದು ಚಹಾ ಹೇಳಿದರು.

ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡ್ ನಿದ್ದೆಯಲ್ಲೇ ಕಳೆದವು. ಮಂಗಳೂರಿನ ಬಂದರಿನ ಗಲ್ಲಿಗಳಲ್ಲಿ ಘಾಟಿಗಿಂತ ಜಾಸ್ತಿ ಬೆವರಿದ ಹುಡುಗ. ಗೋದಾಮಿಗೆ ರಿವರ್ಸ್ ಹಾಕಬೇಕು, ಹಿಂದೆ ನಿಂತು ಬಾಡಿ ತಟ್ಟೋಕೆ ಕ್ಲೀನರ್ ಇಲ್ಲ. ಕೊನೆಗೆ ಒಬ್ಬ ಹಮಾಲಿ ‘ಬರಲಿ, ಬರಲಿ’ ಅಂತ ತಟ್ಟಿ ಒಳಗೆ ತಂದ.

ಮಧ್ಯಾಹ್ನ ಫೋನ್ ಬಂತು. ಪಣಂಬೂರಿನಿಂದ ಹಾಸನಕ್ಕೆ ಗೊಬ್ಬರದ ಲೋಡ್. ನಾನು ಬಸ್ಸಿಗೆ ಹೊರಟೆ. ಗುರುಗಳು ಸೀಟಿನ ಹಿಂದಿನ ಹಲಗೆ ಮೇಲೆ ಹಾಸಿಗೆ ಬಿಚ್ಚುತ್ತಿದ್ದರು. ‘ಘಾಟಿ ಹತ್ತೋವಾಗ ಎಬ್ಬಿಸಬೇಡ, ಸಕಲೇಶಪುರದಲ್ಲಿ ಊಟಕ್ಕೆ ಎಬ್ಬಿಸು’ ಅಂದರು ಹುಡುಗನಿಗೆ.