ಅರ್ಧ ಬಕೆಟ್ ನೀರಿನ ಯುಗಾದಿ

2024ರ ಯುಗಾದಿ ಏಪ್ರಿಲ್ 9, ಮಂಗಳವಾರ ಬಂದಿತ್ತು. ಹಿಂದಿನ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ. ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ ನೀರು, ಹಿಡಿದಿಟ್ಟುಕೊಳ್ಳಿ ಅಂತ. ಹಬ್ಬದ ದಿನವೂ ಹೀಗಾದರೆ ಹೇಗೆ ಅಂತ ಸಂಕಟವಾಯಿತು. ಎಣ್ಣೆಸ್ನಾನ ಆಗಬೇಕು, ಒಬ್ಬಟ್ಟು ಆಗಬೇಕು, ಮನೆ ಒರೆಸಬೇಕು. ಹಬ್ಬಕ್ಕೆಂದು ಅಮ್ಮ ಅರಸೀಕೆರೆ ಕಡೆಯ ನಮ್ಮೂರಿಂದ ಬಂದಿದ್ದಳು. ಅವಳಿಗೆ ಹೇಳಿದೆ. "ಎಷ್ಟು ಬಕೆಟ್ ಇದೆ ಹೇಳು, ಸಾಕು" ಅಂದಳು.

ನಾವಿರುವುದು ಬೆಂಗಳೂರಿನ ಅಂಚಿನಲ್ಲಿ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ಒಂದರಲ್ಲಿ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬೆಂಗಳೂರಿಗೆ ಬರುತ್ತದೆ. ನಮ್ಮ ಬೀದಿಗೆ ಆಗಿನ್ನೂ ಬಂದಿರಲಿಲ್ಲ, ಬೋರ್‌ವೆಲ್ಲೇ ಗತಿ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಮಾರ್ಚ್ ಹೊತ್ತಿಗೆ ನಮ್ಮ ಎರಡು ಬೋರ್‌ಗಳಲ್ಲಿ ಒಂದು ಬತ್ತಿಹೋಯಿತು. ಟಿವಿ ಹಾಕಿದರೂ ಇದೇ ಸುದ್ದಿ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ತಮ್ಮ ಮನೆಯ ಬೋರ್‌ವೆಲ್ಲೂ ಬತ್ತಿದೆ ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದ್ದರು.

ಇಷ್ಟರ ನಡುವೆಯೂ ನಮ್ಮ ಗೇಟಿನ ಮುಂದಿನ ಹೊಂಗೆ ಮರ ಪೂರ್ತಿ ಚಿಗುರಿತ್ತು. ಎಣ್ಣೆ ಸವರಿದ ಹಾಗೆ ಹೊಳೆಯುವ ಎಳೆ ಹಸಿರು. ಅದಕ್ಕೆ ಎಲ್ಲಿಂದ ನೀರು ಸಿಕ್ಕಿತೋ! ಬೆಳಗಾಗುತ್ತಲೇ ಅಮ್ಮ ಅದರ ಕೆಳಗೆ ನಿಂತು, ಪಕ್ಕದ ಬೇವಿನ ಮರದಿಂದ ಒಂದು ಹಿಡಿ ಹೂವು ಕಿತ್ತುಕೊಂಡು ಬಂದಳು.

ಆಮೇಲೆ ನನ್ನ ಮಗನನ್ನು ಕೂರಿಸಿ ತಲೆಗೆ ಹರಳೆಣ್ಣೆ ತಟ್ಟಿದಳು. ಸ್ನಾನಕ್ಕೆ ಒಬ್ಬೊಬ್ಬರಿಗೆ ಅರ್ಧ ಬಕೆಟ್ ಬಿಸಿನೀರು. ಅವನನ್ನು ದೊಡ್ಡ ಟಬ್ಬಿನೊಳಗೇ ನಿಲ್ಲಿಸಿ ನೀರು ಹೊಯ್ದಳು. ಟಬ್ಬಿನಲ್ಲಿ ಉಳಿದ ಸೀಗೆಪುಡಿ ನೀರು ಟಾಯ್ಲೆಟ್ಟಿಗೆ. ಅಕ್ಕಿ, ಬೇಳೆ ತೊಳೆದ ನೀರು ತುಳಸಿಗೆ. ಒಬ್ಬಟ್ಟಿಗೆ ಬೇಳೆ ಬೇಯಿಸಿದ ಕಟ್ಟಿನಲ್ಲಿ ಒಂದು ತೊಟ್ಟೂ ಚೆಲ್ಲದೆ ಸಾರು.

ನನಗೆ ಊರಿನ ಬಚ್ಚಲು ನೆನಪಾಯಿತು. ತೆಂಗಿನ ಮಟ್ಟೆಯ ಉರಿಗೆ ಕಾದ ತಾಮ್ರದ ಹಂಡೆ. ಕಣ್ಣಿಗೆ ಹೊಗೆ. ಅಮ್ಮ ಚೊಂಬಿನ ಮೇಲೆ ಚೊಂಬು ಹೊಯ್ಯುತ್ತಿದ್ದಳು. ಸಾಕಮ್ಮಾ ಸಾಕು ಅಂತ ಕಿರುಚಿದರೂ ಬಿಡುತ್ತಿರಲಿಲ್ಲ. ಬಚ್ಚಲ ನೀರು ಹರಿದು ಹಿತ್ತಲ ಬಾಳೆ ಬುಡಕ್ಕೆ ಸೇರುತ್ತಿತ್ತು.

"ಆಗ ಎಷ್ಟು ನೀರಿತ್ತು ಅಲ್ವಾಮ್ಮ" ಅಂದೆ.

ಒಬ್ಬಟ್ಟು ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಎಲ್ಲಿತ್ತೇ? ಬೇಸಿಗೇಲಿ ಬಾವಿ ತಳ ಕಾಣ್ತಿತ್ತು. ರಾತ್ರಿಯೆಲ್ಲ ಒರತೆ ಬಂದು ಒಂದಿಷ್ಟು ಊರಿರೋದು. ಮೊದ್ಲು ಹೋದೋರಿಗೆ ತಿಳಿನೀರು, ಆಮೇಲೆ ಹೋದೋರಿಗೆ ರಾಡಿ. ಯುಗಾದಿ ಹಿಂದಿನ ರಾತ್ರಿ ನಾನು, ಪಕ್ಕದ್ಮನೆ ಅಕ್ಕ ಲಾಟೀನು ಹಿಡ್ಕೊಂಡು ಎರಡು ಗಂಟೆಗೇ ಹೋಗ್ತಿದ್ವಿ. ಹಂಡೆ ತುಂಬೋಕೆ ಎಂಟು ಕೊಡ ಬೇಕು."

ನನಗೆ ಈಗ ನಲವತ್ತೇಳು. ಅಷ್ಟು ವರ್ಷ ನಾನು ಆ ಹಂಡೆಯನ್ನು ಪ್ರೀತಿಯಿಂದ ನೆನೆದಿದ್ದೇನೆ. ಅದನ್ನು ತುಂಬಿಸಿದವರು ಯಾರು, ಯಾವಾಗ ಅಂತ ಒಮ್ಮೆಯೂ ಕೇಳಿರಲಿಲ್ಲ. ನಾನು ಎದ್ದಾಗ ಅದು ತುಂಬಿರುತ್ತಿತ್ತು, ಅಷ್ಟೇ. "ಯಾಕಮ್ಮ ಹೇಳಲೇ ಇಲ್ಲ?" ಅಂದೆ. "ಹಬ್ಬದ ದಿನ ಮಕ್ಳಿಗೆ ಹೇಳೋ ಮಾತಾ ಅದು?" ಅಂದಳು. ಮತ್ತೆ ತಟ್ಟತೊಡಗಿದಳು. ನಾನು ಅವಳ ಪಕ್ಕದಲ್ಲಿ ಕೂತು ಹೂರಣದ ಉಂಡೆ ಕಟ್ಟಿದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮಾರನೇ ದಿನ ಸಂಜೆ ಚಂದ್ರನನ್ನು ನೋಡಲು ತಾರಸಿಗೆ ಹೋದೆವು. ಯುಗಾದಿ ಚಂದ್ರನನ್ನು ನೋಡದೆ ಅಮ್ಮನಿಗೆ ಹಬ್ಬ ಮುಗಿಯುವುದಿಲ್ಲ. ಮಾರನೆಗೆ ರಂಜಾನ್, ಹಾಗಾಗಿ ಕೆಳಗಿನ ಮನೆಯವರೂ ಮಕ್ಕಳ ಜೊತೆ ಮೇಲೆ ಬಂದಿದ್ದರು. ಪಡುವಣದಲ್ಲಿ ಉಗುರಿನಷ್ಟು ತೆಳ್ಳಗೆ ಚಂದ್ರ ಕಂಡಾಗ ಎರಡೂ ಮನೆಯ ಮಕ್ಕಳು ಒಟ್ಟಿಗೇ ಕೂಗಿದವು. ನನ್ನ ಮಗ ಅಮ್ಮನ ಕಾಲಿಗೆ ಬಿದ್ದ. ಅಮ್ಮ ಮಾತ್ರ ಚಂದ್ರನ ಕೋಡುಗಳನ್ನೇ ನೋಡುತ್ತಿದ್ದಳು. ಯಾವ ಕೋಡು ಮೇಲಿದೆ ಅನ್ನುವುದರ ಮೇಲೆ ನಮ್ಮ ತಾತ ಮಳೆ ಹೇಳುತ್ತಿದ್ದರಂತೆ. ಕೆಳಗೆ ರಸ್ತೆಯಲ್ಲಿ ಟ್ಯಾಂಕರ್ ಹಾರ್ನ್ ಕೇಳಿಸಿತು. ಕೆಳಗಿನ ಮನೆಯಾಕೆ "ಏನಂತೆ ಆಂಟಿ, ಬರುತ್ತಾ?" ಅಂತ ಕೇಳಿದರು. "ಬರುತ್ತಮ್ಮ, ಸ್ವಲ್ಪ ತಡ" ಅಂದಳು.

ಏಪ್ರಿಲ್ ಒಣಗಿಯೇ ಕಳೆಯಿತು. ಮೇ ಮೊದಲ ವಾರ ಒಂದು ಸಂಜೆ ಗಾಳಿ ಎದ್ದು ದಪ್ಪ ಹನಿ ಬಿದ್ದಾಗ ಊರಿಗೆ ಫೋನ್ ಮಾಡಿದೆ. ಮಾತಾಡದೆ ಸುಮ್ನೆ ಫೋನನ್ನು ಬಾಲ್ಕನಿಯಿಂದ ಆಚೆ ಹಿಡಿದೆ. ಅಮ್ಮ ಬಹಳ ಹೊತ್ತು ಕೇಳಿಸಿಕೊಂಡಳು.

"ಬಕೆಟ್ ಇಟ್ಟಿದ್ದೀಯಾ?"

ಮೂರೂ ಇಟ್ಟಿದ್ದೆ.