ಆರು ಕಿಲೋ ಇಳಿದ ಮೇಲೆ ತೂಕ ಯಾಕೆ ಅಲ್ಲೇ ನಿಲ್ಲುತ್ತದೆ?

ಡಯಟ್ ಶುರುವಾದ ಮೊದಲ ವಾರ ಎರಡು ಕಿಲೋ ಇಳಿದರೆ ಅದರಲ್ಲಿ ಹೆಚ್ಚಿನದು ನೀರು. ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಅನ್ನ, ಮುದ್ದೆ ಕಡಿಮೆಯಾದಾಗ ಗ್ಲೈಕೋಜನ್ ಕರಗುತ್ತದೆ, ನೀರೂ ಹೋಗುತ್ತದೆ. ಕೊಬ್ಬು ಇಳಿಯುವುದು ಆಮೇಲೆ, ವಾರಕ್ಕೆ ಅರ್ಧ ಕಿಲೋ ಸಿಕ್ಕರೆ ಚೆನ್ನಾಗಿಯೇ ನಡೆಯುತ್ತಿದೆ ಎಂದರ್ಥ.

ಮೂರ್ನಾಲ್ಕು ತಿಂಗಳಿಗೆ ಅದೂ ನಿಲ್ಲುತ್ತದೆ. 'ಕದ್ದು ತಿಂತಿದ್ದೀಯ' ಅನ್ನುವ ಮಾತು ಮನೆಯಲ್ಲಿ ಶುರುವಾಗುವುದು ಆಗಲೇ. ಇದು ಅನ್ಯಾಯದ ಮಾತು.

ಹಗುರಾದ ದೇಹಕ್ಕೆ ಖರ್ಚೇ ಕಡಿಮೆ. ಅದರ ಜೊತೆಗೆ ಲೆಪ್ಟಿನ್ ಇದೆ. 1994ರಲ್ಲಿ ಪತ್ತೆಯಾದ ಈ ಹಾರ್ಮೋನನ್ನು ಕೊಬ್ಬಿನ ಕೋಶಗಳೇ ಸ್ರವಿಸುತ್ತವೆ. ಊಟ ಕಡಿಮೆ ಮಾಡಿದಾಗ ಕೊಬ್ಬು ಕರಗುವುದಕ್ಕಿಂತ ವೇಗವಾಗಿ ಲೆಪ್ಟಿನ್ ಕುಸಿಯುತ್ತದೆ, ಮಿದುಳು ಅದನ್ನು ಬರಗಾಲ ಎಂದೇ ಓದಿಕೊಳ್ಳುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ, ದೇಹದ ಖರ್ಚಿನ ವೇಗ ನಿರ್ಧರಿಸುವ ಥೈರಾಯ್ಡ್ ಹಾರ್ಮೋನು ಟಿ3 ಸ್ವಲ್ಪ ಇಳಿಯುತ್ತದೆ, ನಮಗೇ ಗೊತ್ತಾಗದಂತೆ ಓಡಾಟ ಕುಗ್ಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದ ಪ್ರಕಾರ, ತೂಕ ಇಳಿಸಿ ಒಂದು ವರ್ಷವಾದರೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ವಿಶ್ರಾಂತಿಯಲ್ಲಿ ಅವರ ದೇಹ ಸುಡುತ್ತಿದ್ದದ್ದು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಮನೋಬಲವೊಂದೇ ಇದಕ್ಕೆ ಉತ್ತರವಾಗಲಾರದು.

ಹಾಗೆಂದು ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟುವುದೂ ಸರಿಯಲ್ಲ. ಹೈಪೋಥೈರಾಯ್ಡಿನಿಂದ (ಥೈರಾಯ್ಡ್ ಹಾರ್ಮೋನಿನ ಕೊರತೆಯಿಂದ) ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಥೈರಾಯ್ಡ್ ಮಾತ್ರೆಯಿಂದ ಅಷ್ಟು ಇಳಿಯಬಹುದು, ಇಪ್ಪತ್ತು ಕಿಲೋ ಇಳಿಯದು. ಬೇಗ ಸಣ್ಣಗಾಗಲೆಂದು ಡೋಸ್ ಏರಿಸಿಕೊಂಡರೆ ಮೂಳೆ ಸವೆಯುತ್ತದೆ, ಎದೆಬಡಿತದ ಲಯ ತಪ್ಪುತ್ತದೆ. ನಮ್ಮಲ್ಲಿ ಬಹಳ ಕಡೆ ಎಡವಟ್ಟಾಗುವುದು ಬೆಳಗಿನ ಕಾಫಿಯಿಂದ: ಮಾತ್ರೆ ನೀರಿನಲ್ಲಿ ನುಂಗಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಕಾಫಿ ಮುಟ್ಟಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಡೋಸ್ ಬದಲಾದರೆ, ಅದು ಸಾಕೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಟಿಎಸ್‌ಎಚ್ ನೋಡಬೇಕಾದ್ದು 6ರಿಂದ 8 ವಾರಕ್ಕೆ, ಅದಕ್ಕೆ ಮೊದಲು ನೋಡಿದರೆ ಸರಿಯಾದ ಚಿತ್ರ ಸಿಗದು.

ಕತ್ತಿನ ಹಿಂದೆ ಮಖಮಲ್ಲಿನಂಥ ಕಪ್ಪು, ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಿದ ಸೊಂಟ ಕಂಡರೆ ಇನ್ಸುಲಿನ್ ಪ್ರತಿರೋಧದ, ಅಂದರೆ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದ ಸ್ಥಿತಿಯ, ಅನುಮಾನ ಬರಬೇಕು. ಮುಟ್ಟೂ ಏರುಪೇರಾಗಿದ್ದರೆ ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರಿನ ಸಮಸ್ಯೆ) ಪರೀಕ್ಷೆ ಮಾಡಿಸಿ.

ತೂಕ ನಿಂತಾಗ ಊಟವನ್ನು ಇನ್ನಷ್ಟು ಕತ್ತರಿಸುವುದೇ ದೊಡ್ಡ ತಪ್ಪು, ಅದರಿಂದ ಸ್ನಾಯುವೂ ಕರಗುತ್ತದೆ. ಕಿಡ್ನಿ ತೊಂದರೆ ಇಲ್ಲದ 70 ಕಿಲೋದವರಿಗೆ ದಿನಕ್ಕೆ 80 ಗ್ರಾಂ ಪ್ರೋಟೀನ್ ಗುರಿಯಿರಲಿ. ಎರಡು ಮೊಟ್ಟೆಯಲ್ಲಿ 12 ಗ್ರಾಂ, 50 ಗ್ರಾಂ ಹುರುಳಿಕಾಳಿನಲ್ಲಿ 11, ನೂರು ಗ್ರಾಂ ಪನೀರಿನಲ್ಲಿ 18. ತೆಳ್ಳಗಿನ ಸಾರು-ಅನ್ನದಲ್ಲಿ ಈ ಲೆಕ್ಕ ಎಂದೂ ತುಂಬುವುದಿಲ್ಲ. ವಾರಕ್ಕೆ ಎರಡು-ಮೂರು ದಿನ ಭಾರ ಎತ್ತುವ ವ್ಯಾಯಾಮ, ಏನೂ ಇಲ್ಲದಿದ್ದರೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಮೂರು ಸುತ್ತು. ಬೆಳಗ್ಗೆ ಶೌಚ ಮುಗಿಸಿ ತೂಕ ನೋಡಿ, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ್ದಕ್ಕೆ ಹೋಲಿಸಿ. ಮುಟ್ಟಿನ ಮುಂಚೆ ನೀರು ನಿಲ್ಲುವುದರಿಂದ ಹೆಂಗಸರು ತಿಂಗಳಿಂದ ತಿಂಗಳಿಗೆ ಹೋಲಿಸುವುದೇ ಸರಿ.

ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ. ಸ್ಟೀರಾಯ್ಡ್ ಆದ ಪ್ರೆಡ್ನಿಸೊಲೋನ್, ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪಿನ್, ಮೂರ್ಛೆರೋಗಕ್ಕೆ ಕೊಡುವ ವ್ಯಾಲ್ಪ್ರೊಯೇಟ್, ಚುಚ್ಚಿಕೊಳ್ಳುವ ಇನ್ಸುಲಿನ್ ಇವೆಲ್ಲ ತೂಕ ಏರಿಸಬಲ್ಲವು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡ ಪ್ರೆಡ್ನಿಸೊಲೋನನ್ನು ಹಠಾತ್ ಬಿಟ್ಟರೆ, ಅಷ್ಟರಲ್ಲಿ ಕಾರ್ಟಿಸಾಲ್ ಎಂಬ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಕೆ ಕುಗ್ಗಿಸಿರುವ, ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿ ಕೂಡಲೇ ಎಚ್ಚೆತ್ತುಕೊಳ್ಳಲಾರದು. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು.